ಕೆರೆಗೊಬ್ಬ ನೀರುಗಂಟಿ



ಯುಗಾದಿ ಕಳೆದು ಬಿಸಿಲು ಬಲಿತಂತೆ ನಮ್ಮ ನಾಡಿನ ಕೆರೆಯಂಗಳಗಳಲ್ಲಿ ಜನ ಸೇರತೊಡಗುತ್ತಾರೆ. ನೀರು ತಳ ಕಂಡು, ಹೂಳು ಒಣಗಿ ಬಿರುಕು ಬಿಟ್ಟಿರುವ ಹೊತ್ತು ಅದು. ಯುವಕ ಸಂಘದವರು, ಸ್ತ್ರೀಶಕ್ತಿ ಸಂಘದ ಹೆಂಗಸರು, ಶಾಲೆಯ ಮೇಷ್ಟರು, ಎನ್‌ಎಸ್‌ಎಸ್ ಮಕ್ಕಳು ಬರುತ್ತಾರೆ. ಕೆಲವೆಡೆ ಮಠದ ಸ್ವಾಮಿಗಳೇ ಮುಂದೆ ನಿಂತು ಗುದ್ದಲಿ ಹಿಡಿಯುತ್ತಾರೆ. ಬೆಂಗಳೂರಿನಲ್ಲಾದರೆ ಭಾನುವಾರ ಬೆಳಗ್ಗೆ ಕೈಗವಸು ಹಾಕಿಕೊಂಡು ದಂಡೆಯ ಪ್ಲಾಸ್ಟಿಕ್ ಆರಿಸುವ ಬಡಾವಣೆಯ ಜನ ಕಾಣುತ್ತಾರೆ. ಜೂನ್ 5ರ ಪರಿಸರ ದಿನದ ಹೊತ್ತಿಗೆ ಸಸಿಗಳೂ ಬಂದಿಳಿಯುತ್ತವೆ. ಯಾರೂ ಕೂಲಿ ಕೇಳುವುದಿಲ್ಲ. ಸರ್ಕಾರ ಮಾಡಲಿ ಎಂದು ಕಾಯುತ್ತ ಕೂರದೆ ತಾವೇ ಕೆಸರಿಗೆ ಇಳಿದ ಈ ಜನರ ಬಗ್ಗೆ ನನಗೆ ತುಂಬು ಗೌರವವಿದೆ. ಇವತ್ತಿನ ಮಾತೂ ಅವರ ಕೆಲಸದ್ದೇ. ಆ ಒಂದು ದಿನದ ಶ್ರಮದಾನವನ್ನು ಪತ್ರಿಕೆಗಳು ಹೇಗೂ ವರದಿ ಮಾಡುತ್ತವೆ. ಅದು ಮುಗಿದ ಮೇಲೆ ಬರುವ ಉಳಿದ ದಿನಗಳನ್ನು ಕುರಿತು ನಾನು ಹೇಳಬೇಕೆಂದಿದ್ದೇನೆ.

ಹಿಂದೆ ಊರಿನ ಕೆರೆಗೆ ಒಬ್ಬ ನೀರುಗಂಟಿ ಇರುತ್ತಿದ್ದ. ಈಗ ಹಲವು ಹಳ್ಳಿಗಳಲ್ಲಿ ನೀರುಗಂಟಿ ಎಂದರೆ ಪಂಚಾಯಿತಿಯ ನಲ್ಲಿಗೆ ವಾಲ್ವ್ ತಿರುಗಿಸಿ ನೀರು ಬಿಡುವವನು. ಹಳೆಯ ನೀರುಗಂಟಿಯ ಕೆಲಸ ಅದಕ್ಕಿಂತ ಬಹಳ ದೊಡ್ಡದಿತ್ತು. ತೂಬು ಎತ್ತಿ ಇಳಿಸುವವನು ಅವನೇ. ಅಚ್ಚುಕಟ್ಟಿನ ಯಾವ ಗದ್ದೆಗೆ ಯಾವ ಹೊತ್ತಿಗೆ ಎಷ್ಟು ನೀರು ಎಂದು ಸರದಿ ನೋಡಿಕೊಳ್ಳುವವನೂ ಅವನೇ. ನೀರು ಕಡಿಮೆಯಾದ ವರ್ಷ ಕೊನೆಯ ಗದ್ದೆಯವನಿಗೂ ಪಾಲು ಮುಟ್ಟುವಂತೆ ಕಾಯುತ್ತಿದ್ದ. ಏರಿಯ ಮೇಲೆ ಬೆಳೆದ ಪೊದೆ ಸವರುತ್ತಿದ್ದ, ಏಡಿ ತೋಡಿದ ಬಿಲ ಮುಚ್ಚುತ್ತಿದ್ದ. ಮಳೆಗಾಲದ ರಾತ್ರಿ ಲಾಟೀನು ಹಿಡಿದು ಏರಿಯ ಮೇಲೆ ಓಡಾಡಿ, ಎಲ್ಲಾದರೂ ಜಿನುಗು ಕಂಡರೆ ಊರನ್ನೇ ಎಬ್ಬಿಸುತ್ತಿದ್ದ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಪ್ರತಿಯೊಬ್ಬ ರೈತನೂ ಅವನಿಗೆ ಇಷ್ಟು ಧಾನ್ಯ ಎಂದು ಅಳೆದುಕೊಡಬೇಕಿತ್ತು.

ನಮ್ಮ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿದವನಿಗೆ, ಅದನ್ನು ನೋಡಿಕೊಳ್ಳುವವನಿಗೆ ಬಿಟ್ಟುಕೊಟ್ಟ ಭೂಮಿಯ ದಾಖಲೆ ಅವು. ಹೂಳು ಮತ್ತು ಮಣ್ಣು ಸಾಗಿಸುವ ಬಂಡಿಯ ಖರ್ಚಿಗೆಂದೇ ದತ್ತಿ ಬಿಟ್ಟ ಶಾಸನಗಳೂ ಇವೆ. ಕೆರೆ ಕಟ್ಟಿಸುವವರು ಅದರ ಉಸ್ತುವಾರಿಯ ಖರ್ಚನ್ನೂ ಜೊತೆಯಲ್ಲೇ ಕಟ್ಟಿಡುತ್ತಿದ್ದರು ಎಂಬುದು ಇದರಿಂದ ತಿಳಿಯುತ್ತದೆ. ಈಗಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಶಾಸನವಿದೆ. ವಿಜಯನಗರದ ಒಂದನೇ ಬುಕ್ಕರಾಯನ ಮಗ ಭಾಸ್ಕರ ಅಲ್ಲಿ ಕಟ್ಟಿಸಿದ ಕೆರೆಗೆ ದಿನವೂ 1000 ಆಳು, 100 ಬಂಡಿ ದುಡಿದು 2 ವರ್ಷ ಹಿಡಿಯಿತು ಎನ್ನುತ್ತದೆ ಅದು. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನು, ಕೆರೆಗೆ ತಗಲುವ 6 ದೋಷಗಳನ್ನು ಸಹ ಆ ಶಾಸನ ಹೇಳುತ್ತದೆ. ಏರಿಯಲ್ಲಿ ನೀರು ಜಿನುಗುವುದು ಒಂದು ದೋಷ, ಚೌಳು ನೆಲ ಇನ್ನೊಂದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ದೋಷ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರಬಾರದಂತೆ. ಇಬ್ಬರಿಗೂ ಸೇರಿದ್ದು ಯಾರ ಹೊಣೆಯೂ ಆಗುವುದಿಲ್ಲ ಎಂದು 650 ವರ್ಷಗಳ ಹಿಂದೆಯೇ ಕಂಡುಕೊಂಡಿದ್ದರು.

ಇವತ್ತು ನಮ್ಮ ಬಹುಪಾಲು ಕೆರೆಗಳು ಇಂಥ ಗಡಿಯಲ್ಲೇ ಇವೆ. ಕೆರೆಯ ಜಮೀನು ಕಂದಾಯ ಇಲಾಖೆಯ ಪಹಣಿಯಲ್ಲಿದೆ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿದ್ದರೆ ಅದು ಸಣ್ಣ ನೀರಾವರಿ ಇಲಾಖೆಗೆ, ಕಡಿಮೆಯಿದ್ದರೆ ಪಂಚಾಯತ್‌ಗೆ. ಮೀನಿನ ವಿಚಾರ ಮೀನುಗಾರಿಕೆ ಇಲಾಖೆಯದು, ದಂಡೆಯ ಮರ ಕಡಿಯಬೇಕಾದರೆ ಅರಣ್ಯ ಇಲಾಖೆಯ ಅಪ್ಪಣೆ. ಪಟ್ಟಣದಲ್ಲಿ ಕೊಳಚೆ ಹರಿದು ಬರುವ ಕೊಳವೆ ಒಬ್ಬರದು, ರಾಜಕಾಲುವೆ ಇನ್ನೊಬ್ಬರದು. ರಾಜ್ಯದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ ಎಂದು ಲೆಕ್ಕ ಹೇಳುತ್ತಾರೆ. 1866ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ, ಈ ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂದು ಬರೆದಿದ್ದ. ಅಷ್ಟು ಒತ್ತೊತ್ತಾಗಿ ಕಟ್ಟಿದ್ದರು ನಮ್ಮ ಹಿರಿಯರು. ಒಂದರ ಕೋಡಿ ಬಿದ್ದ ನೀರು ಮುಂದಿನದಕ್ಕೆ, ಅದರದು ಅದರ ಮುಂದಿನದಕ್ಕೆ.

ಹಳೆಯ ಪದ್ಧತಿಯನ್ನು ಹೊಗಳುವಾಗ ಒಂದು ಮಾತು ಮರೆಯಬಾರದು. ಎಷ್ಟೋ ಊರುಗಳಲ್ಲಿ ನೀರುಗಂಟಿ ದಲಿತ ಕೇರಿಯವನು. ಗದ್ದೆಗೆಲ್ಲ ನೀರು ಹಂಚುವ ಅವನಿಗೆ ಅಚ್ಚುಕಟ್ಟಿನಲ್ಲಿ ಒಂದು ಗುಂಟೆಯೂ ಇರುತ್ತಿರಲಿಲ್ಲ. ಹೂಳೆತ್ತಲು ಬಂದವರಲ್ಲಿ ಬಿಟ್ಟಿಗೆ ಬಂದವರು ಎಷ್ಟೋ ಜನ. ಅದು ಮರಳಿ ಬರಬೇಕೆಂದು ನಾನು ಹೇಳುತ್ತಿಲ್ಲ, ಬರಲೂಬಾರದು. ಉಳಿಸಿಕೊಳ್ಳಬೇಕಾದ್ದು ಆ ವ್ಯವಸ್ಥೆಯ ಒಂದೇ ಒಂದು ಅಂಶ: ಕೆರೆಯನ್ನು ದಿನಾ ನೋಡುವ ಒಬ್ಬ ಮನುಷ್ಯ, ಅವನ ಹೊಟ್ಟೆಪಾಡಿಗೆ ಊರಿನ ಒಂದು ಏರ್ಪಾಡು.

ಹೊಸ ಕಾಲದಲ್ಲಿ ಇದನ್ನು ಮಾಡಿ ತೋರಿಸಿದವರು ಯಾರಾದರೂ ಇದ್ದಾರೆಯೇ? ಇದ್ದಾರೆ. ಅದೂ ಬೆಂಗಳೂರಿನಲ್ಲಿ.

ಜೆ.ಪಿ. ನಗರದ 7ನೇ ಹಂತದಲ್ಲಿ ಪುಟ್ಟೇನಹಳ್ಳಿ ಕೆರೆ ಎಂಬುದೊಂದಿದೆ. ಹೆಸರಿಗೆ ತಕ್ಕಂತೆ ಪುಟ್ಟ ಕೆರೆ, ಸುಮಾರು 13 ಎಕರೆ. ಸುತ್ತಲೂ ಮಹಡಿ ಮನೆಗಳೆದ್ದು, ನೀರು ಹರಿದು ಬರುವ ದಾರಿ ಮುಚ್ಚಿ, ಕಟ್ಟಡದ ಅವಶೇಷ ತುಂಬಿ, ಕೆರೆ ಸಾಯುವ ಸ್ಥಿತಿಗೆ ಬಂದಿತ್ತು. ಲೇಖಕಿ ಉಷಾ ರಾಜಗೋಪಾಲನ್ ಮತ್ತು ನೆರೆಹೊರೆಯವರು ಸೇರಿ 2010ರಲ್ಲಿ ಒಂದು ಟ್ರಸ್ಟ್ ಮಾಡಿಕೊಂಡರು. ಪಾಲಿಕೆಯ ಬೆನ್ನು ಹತ್ತಿ ಕೆರೆಯ ಅಭಿವೃದ್ಧಿ ಮಾಡಿಸಿದರು. ಸಾಮಾನ್ಯವಾಗಿ ಹೋರಾಟ ಇಲ್ಲಿಗೆ ಮುಗಿಯುತ್ತದೆ: ಕಲ್ಲು ಕಟ್ಟಿದ್ದಾಯಿತು, ಬೇಲಿ ಹಾಕಿದ್ದಾಯಿತು, ಫಲಕ ನೆಟ್ಟಿದ್ದಾಯಿತು. ಇವರು ಅಲ್ಲಿಂದ ಮುಂದಕ್ಕೆ ಹೋಗಿ 2011ರಲ್ಲಿ ಕೆರೆಯ ಉಸ್ತುವಾರಿಯನ್ನೇ ಪಾಲಿಕೆಯಿಂದ ಒಪ್ಪಂದ ಬರೆದು ವಹಿಸಿಕೊಂಡರು. ನಗರದಲ್ಲಿ ನಾಗರಿಕರ ಗುಂಪೊಂದು ಹೀಗೆ ಹೊಣೆ ಹೊತ್ತದ್ದು ಅದೇ ಮೊದಲು.

ಇಲ್ಲಿ ಗಮನಿಸಬೇಕಾದ ಸಂಗತಿ ಎರಡು. ಮೊದಲನೆಯದು, ಅವರು ನೆರೆಮನೆಗಳಿಂದ ದೇಣಿಗೆ ಎತ್ತಿದರು, ಆ ದುಡ್ಡಿನಲ್ಲಿ ಸಂಬಳಕ್ಕೆ ಕೆಲಸದವರನ್ನು ಇಟ್ಟರು. ಸ್ವಯಂಸೇವಕರು ಭಾನುವಾರ ಬರುತ್ತಾರೆ. ಕಳೆ ಮಾತ್ರ ಸೋಮವಾರವೂ ಬೆಳೆಯುತ್ತದೆ, ಕಸ ಮಂಗಳವಾರವೂ ಬೀಳುತ್ತದೆ. ಅದನ್ನು ತೆಗೆಯಲು ದಿನಾ ಬರುವ ಕೈ ಬೇಕು, ಆ ಕೈಗೆ ತಿಂಗಳಿಗೆ ತಪ್ಪದೆ ಕೂಲಿ ಬೇಕು. ಸ್ವಯಂಸೇವೆ ಎಂದ ಕೂಡಲೇ ದುಡ್ಡಿನ ಮಾತು ಆಡಲು ನಮ್ಮ ಜನ ಹಿಂಜರಿಯುತ್ತಾರೆ. ಬಡವನ ದುಡಿಮೆಗೆ ಕೂಲಿ ಕೊಡದೆ ನಡೆಸುವ ಪರಿಸರ ಸೇವೆ ನ್ಯಾಯವೂ ಅಲ್ಲ, ಬಾಳುವುದೂ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎರಡನೆಯದು ನೀರಿನ ಸಂಗತಿ. ಕಾಲುವೆ ಕಡಿದುಹೋದ ಕೆರೆಗೆ ಮಳೆಗಾಲದ ನೀರು ಸಾಲದಾಯಿತು. ಆಗ ಪಕ್ಕದ ದೊಡ್ಡ ವಸತಿ ಸಮುಚ್ಚಯದಲ್ಲಿ ಶುದ್ಧೀಕರಿಸಿದ ಬಳಕೆ ನೀರನ್ನು ಕೆರೆಗೆ ಬಿಡುವ ವ್ಯವಸ್ಥೆಯಾಯಿತು. ಹಾಗೆ ಬಿಟ್ಟ ನೀರಿನಲ್ಲಿ ಸಾರಜನಕ, ರಂಜಕ ಇದ್ದೇ ಇರುತ್ತವೆ, ಅವು ಪಾಚಿಗೆ ಗೊಬ್ಬರ. ಹಾಗಾಗಿ ನೀರಿನ ಗುಣ ಪರೀಕ್ಷಿಸುತ್ತಿರಬೇಕು, ಆ ಸಾರ ಹೀರುವ ಜೊಂಡು, ಆಪು ಬೆಳೆಸಬೇಕು. ಬೆಳೆದದ್ದನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಹಾಕಬೇಕು. ಕೊಯ್ಯದೆ ಬಿಟ್ಟರೆ ಅದು ಅಲ್ಲೇ ಕೊಳೆತು, ಹೀರಿದ್ದನ್ನೆಲ್ಲ ನೀರಿಗೇ ಮರಳಿಸುತ್ತದೆ.

ಜಕ್ಕೂರು ಕೆರೆಯಲ್ಲಿ ಇದೇ ವಿಧಾನ ದೊಡ್ಡ ಪ್ರಮಾಣದಲ್ಲಿದೆ. ಸುಮಾರು 160 ಎಕರೆಯ ಆ ಕೆರೆಯ ತಲೆಯ ಕಡೆ ಕೊಳಚೆ ಶುದ್ಧೀಕರಿಸುವ ಘಟಕವಿದೆ, ಅದರ ಮುಂದೆ ಜೌಗು, ಆಮೇಲೆ ಕೆರೆ. ಕೆರೆ ತುಂಬಿದ ಮೇಲೆ ಸುತ್ತಲಿನ ಬಾವಿಗಳಲ್ಲಿ ನೀರು ಮೇಲೆ ಬಂದಿತು. ಅಲ್ಲಿಯೂ ಊರಿನವರ ಒಂದು ಗುಂಪು ಕಣ್ಣಿಟ್ಟು ಕಾಯುತ್ತಿದೆ.

ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯದು ಇನ್ನೊಂದು ಪಾಠ. 48 ಎಕರೆಯ ಕೆರೆ. 2009ರ ಹೊತ್ತಿಗೆ ಪಾಲಿಕೆ ಅದನ್ನು ಕೈಗೆತ್ತಿಕೊಂಡಾಗ ಸುತ್ತಲಿನ ನಿವಾಸಿಗಳು ಯೋಜನೆಯ ಹಂತದಲ್ಲೇ ಒಳಗೆ ಹೋದರು. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರಲ್ಲಿ ಒಬ್ಬರು. ನಕ್ಷೆ ಬರೆಯುವಾಗ ಹಳೆಯ ಊರಿನವರನ್ನೂ ಕೇಳಿದರು. ದನ ಮೇಯಿಸುವವರಿಗೆ ಹುಲ್ಲು ಬೇಕು, ಮೀನುಗಾರರಿಗೆ ನೀರಿಗಿಳಿಯುವ ದಾರಿ ಬೇಕು, ಗಣೇಶ ಬಿಡಲು ಕೆರೆಯಿಂದ ಬೇರೆಯಾದ ಕಲ್ಯಾಣಿ ಬೇಕು, ಪಕ್ಕದ ಸರ್ಕಾರಿ ಶಾಲೆಯ ಮಕ್ಕಳಿಗೆ ಕೆರೆಯ ಒಡನಾಟ ಬೇಕು. ಇಲ್ಲಿ ನಾನು ಒತ್ತಿ ಹೇಳುವ ಮಾತೊಂದಿದೆ. ಸುತ್ತ ಬೇಲಿ ಹಾಕಿ, ಬೀಗ ಜಡಿದು, ಬೆಳಗ್ಗೆ ಸಂಜೆ ವಾಕಿಂಗಿನವರಿಗೆ ಮಾತ್ರ ತೆರೆಯುವ ಕೆರೆಗೆ ಕಾವಲುಗಾರರು ಕಡಿಮೆ. ಹುಲ್ಲು ಕೊಯ್ಯಲು ಬರುವ ಅಜ್ಜಿಗೆ ಯಾವ ಮೂಲೆಯಲ್ಲಿ ಕೊಳಚೆ ಒಳಬರುತ್ತಿದೆ ಎಂಬುದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಬಲೆ ಬೀಸುವವನಿಗೆ ನೀರು ಕೆಟ್ಟದ್ದು ವಾಸನೆಯಲ್ಲೇ ತಿಳಿಯುತ್ತದೆ. ಅವರನ್ನು ಹೊರಗಟ್ಟಿ ಕೆರೆ ಉಳಿಸುತ್ತೇವೆ ಎನ್ನುವವರು ಕೆರೆಯ ಕಣ್ಣನ್ನೇ ಕೀಳುತ್ತಾರೆ.

ಕಾಯುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಇದೇ ಬೆಂಗಳೂರಿನ ಬೆಳ್ಳಂದೂರು ಕೆರೆ ಜಗತ್ತಿಗೆಲ್ಲ ತೋರಿಸಿತು. 2015ರಲ್ಲಿ ಕೋಡಿಯಿಂದ ಎದ್ದ ನೊರೆ ರಸ್ತೆಗೆ ಹಾರಿತು. 2017ರಲ್ಲಿ, ಮತ್ತೆ 2018ರಲ್ಲಿ ಕೆರೆಯಂಗಳದಲ್ಲೇ ಬೆಂಕಿ ಹೊತ್ತಿತು.

ಒಂದು ದಿನದ ಸ್ವಚ್ಛತೆ ಏಕೆ ಸಾಲದು ಎನ್ನುವುದಕ್ಕೆ ಅಂತರಗಂಗೆಯನ್ನು ನೋಡಿ. ನೀಲಿ ಹೂ ಬಿಟ್ಟು ಕೆರೆಯ ಮೇಲೆ ಹಾಸಿಕೊಳ್ಳುವ ಈ ಕಳೆ ದಕ್ಷಿಣ ಅಮೆರಿಕದಿಂದ ಬಂದದ್ದು. ಕೊಳಚೆಯ ಸಾರ ಸಿಕ್ಕರೆ ಎರಡೇ ವಾರದಲ್ಲಿ ದುಪ್ಪಟ್ಟಾಗಬಲ್ಲದು. ಅದರ ಬೀಜ ಕೆಸರಿನೊಳಗೆ 15 ವರ್ಷಕ್ಕೂ ಮೀರಿ ಜೀವ ಹಿಡಿದುಕೊಂಡಿರುತ್ತದೆ. ನೂರಾರು ಜನ ಬೆವರು ಸುರಿಸಿ ಇಡೀ ಕೆರೆ ಬಳಿದರೂ, ಒಂದು ಮೂಲೆಯಲ್ಲಿ ನಾಲ್ಕು ಗಿಡ ಉಳಿದರೆ, ಬರುವ ಬೇಸಿಗೆಗೆ ಕೆರೆ ಮತ್ತೆ ಹಸಿರು ಮುಚ್ಚಿಕೊಂಡಿರುತ್ತದೆ. ಬಂದವರ ಉತ್ಸಾಹ ಅಲ್ಲಿಗೆ ಮುರಿಯುತ್ತದೆ. ಅದೇ ವಾರಕ್ಕೊಮ್ಮೆ ಒಬ್ಬ ತೆಪ್ಪ ಹಾಕಿಕೊಂಡು ಸುತ್ತು ಹೊಡೆದು ಮೊಳೆತದ್ದನ್ನು ಕಿತ್ತರೆ ನೂರು ಜನರ ಅಗತ್ಯವೇ ಬೀಳುವುದಿಲ್ಲ.

ಇನ್ನು ಬೆಂಗಳೂರಿನ ಹೊರಗೆ ಬರೋಣ. ಬಯಲುಸೀಮೆಯಲ್ಲಿ ಕಳೆದ ಕೆಲವು ವರ್ಷಗಳಲ್ಲಿ ನಡೆದ ದೊಡ್ಡ ಜನಕಾರ್ಯಗಳಲ್ಲಿ ಕೊಪ್ಪಳದ ಹಿರೇಹಳ್ಳದ್ದು ಒಂದು. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ತಾವೇ ಹಳ್ಳಕ್ಕಿಳಿದರು. ಅವರ ಹಿಂದೆ ಸುತ್ತಲಿನ ಊರುಗಳೇ ಇಳಿದವು. 20 ಕಿಲೋಮೀಟರಿಗೂ ಉದ್ದಕ್ಕೆ ಜಾಲಿ ಕಂಟಿ ಕಡಿದು, ಕಸ ಎತ್ತಿ, ಹರಿವಿನ ದಾರಿ ಬಿಡಿಸಿದರು. ಮಲೆನಾಡಿನ ಸೆರಗಿನ ಶಿರಸಿಯಲ್ಲಿ, ಮಳೆಗೆ ಬರವಿಲ್ಲ ಎಂದು ನಂಬಿದ್ದ ಊರಿನಲ್ಲಿ, 2016–17ರ ಬರದಲ್ಲಿ ಬಾವಿಗಳು ಬತ್ತಿದಾಗ ಶ್ರೀನಿವಾಸ ಹೆಬ್ಬಾರರ ಮುಂದಾಳತನದಲ್ಲಿ ಜೀವಜಲ ಕಾರ್ಯಪಡೆ ಹುಟ್ಟಿತು. ಆನೆಹೊಂಡ, ರಾಯರಪೇಟೆ ಕೆರೆಯಂಥ ಹಳೆಯ ಜಲತಾಣಗಳ ಹೂಳು ಎತ್ತಿದರು. ಪೇಟೆಯ ನಡುವೆ ಮರೆತೇಹೋಗಿದ್ದ ಹೊಂಡಗಳಲ್ಲಿ ನೀರು ನಿಂತಾಗ ಅಕ್ಕಪಕ್ಕದ ಬಾವಿಗಳಿಗೂ ಜೀವ ಬಂತು.

ಹೂಳು ಎತ್ತುವವರಿಗೆ ಕೆಲವು ಮಾತುಗಳನ್ನು ಹೇಳಲೇಬೇಕು, ಏಕೆಂದರೆ ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೂ ಕೆರೆಯನ್ನು ಕೆಡಿಸಿದ್ದುಂಟು. ಕೆರೆಯ ತಳದಲ್ಲಿ ನೂರಾರು ವರ್ಷ ಕೂತ ಜೇಡಿಯ ಪದರವಿರುತ್ತದೆ. ನೀರು ಬೇಗ ಇಂಗದಂತೆ ಹಿಡಿದಿಡುವುದು ಅದೇ. ಜೆಸಿಬಿಯವರಿಗೆ ಗಂಟೆಯ ಬಾಡಿಗೆ, ನಮಗೆ ಆಳ ಹೆಚ್ಚಿದಷ್ಟೂ ಸಂತೋಷ. ಈ ಭರದಲ್ಲಿ ಆ ಪದರ ಹರಿದುಹೋದರೆ ಸಂಕ್ರಾಂತಿಯವರೆಗೆ ನಿಲ್ಲುತ್ತಿದ್ದ ನೀರು ದೀಪಾವಳಿಗೇ ಬತ್ತುತ್ತದೆ. ಏರಿಯ ಬುಡದಲ್ಲಿ ಅಗೆದರೆ ಏರಿಯೇ ಸಡಿಲವಾಗುತ್ತದೆ. ಅಲ್ಲಲ್ಲಿ ಆಳ ಗುಂಡಿ ಬಿಟ್ಟರೆ ಈಜಲು ಬಂದ ಮಕ್ಕಳ ಪ್ರಾಣಕ್ಕೆ ಕುತ್ತು. ಅಂಚಿನಲ್ಲೆಲ್ಲ ಕಡಿದಾಗಿ ಕೊರೆದು ಸುತ್ತ ದಿಬ್ಬ ಕಟ್ಟಿದರೆ, ತೆಳು ನೀರಿನಲ್ಲಿ ನಿಂತು ಮೇಯುವ ಕೊಕ್ಕರೆ, ಉಲ್ಲಂಕಿಗಳಿಗೆ ನೆಲೆ ಇಲ್ಲವಾಗುತ್ತದೆ. ಹೊರಗಿನ ನೀರು ಒಳಬರುವ ದಾರಿಯೂ ಮುಚ್ಚುತ್ತದೆ. ಏರಿಯ ಮೇಲೆ ಮರ ನೆಡುವ ಆಸೆ ಎಲ್ಲರಿಗೂ ಇರುತ್ತದೆ. ದಯವಿಟ್ಟು ಬೇಡ. ದೊಡ್ಡ ಮರದ ಬೇರು ಏರಿಯೊಳಗೆ ಇಳಿದು, ಮುಂದೊಂದು ದಿನ ಸತ್ತು ಟೊಳ್ಳಾದರೆ, ಆ ಟೊಳ್ಳಿನಲ್ಲೇ ನೀರು ದಾರಿ ಮಾಡಿಕೊಳ್ಳುತ್ತದೆ. ಹಳೆಯ ನೀರುಗಂಟಿ ಏರಿಯ ಪೊದೆ ಸವರುತ್ತಿದ್ದುದು ಇದೇ ಕಾರಣಕ್ಕೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಲುವೆ. ಕೆರೆಗೆ ನೀರು ತರುವ ಹಳ್ಳ ಕಾಲುವೆಗಳು ಹೊಲಗಳ ನಡುವೆ ಸವೆದು, ಒತ್ತುವರಿಯಾಗಿ, ಎಷ್ಟೋ ಕಡೆ ಸರ್ವೆ ನಕ್ಷೆಯಲ್ಲಿ ಮಾತ್ರ ಉಳಿದಿವೆ. ಅವನ್ನು ಬಿಡಿಸದೆ ಹೂಳೆತ್ತಿದರೆ ಕೊನೆಗೆ ಉಳಿಯುವುದು ಒಣ ಗುಂಡಿ. ಕಾಲುವೆ ಬಿಡಿಸುವುದು ಕಠಿಣ ಕೆಲಸ ನಿಜ. ಅಲ್ಲಿ ನೆಂಟರ ಹೊಲ ಬರುತ್ತದೆ, ಪಂಚಾಯಿತಿ ಸದಸ್ಯರ ತೋಟ ಬರುತ್ತದೆ, ಜಗಳ ಬರುತ್ತದೆ. ಗುದ್ದಲಿ ಹಿಡಿಯುವುದಕ್ಕಿಂತ ಹೆಚ್ಚಿನ ಧೈರ್ಯ ಸರ್ವೇಯರನ್ನು ಕರೆಸಿ ಗಡಿ ಕಲ್ಲು ನೆಡಿಸುವುದಕ್ಕೆ ಬೇಕು. ಎತ್ತಿದ ಗೋಡು ಮಾತ್ರ ರೈತರ ಹೊಲಕ್ಕೇ ಹೋಗಲಿ; ತೇವ ಹಿಡಿದಿಡುವ, ಸಾರವುಳ್ಳ ಮಣ್ಣು ಅದು.

ಕಾಯುವ ಗುಣ ಎಂದಾಗ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರನ್ನು ನೆನೆಯದೆ ಹೇಗಿರಲಿ? 385 ಆಲದ ಮರ ನೆಟ್ಟರು ಎಂದು ಎಲ್ಲರೂ ಹೇಳುತ್ತೇವೆ. 2019ರಲ್ಲಿ ಪದ್ಮಶ್ರೀ ಬಂತು, 2025ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ ನಾಡೆಲ್ಲ ಮರುಗಿತು. ಅವರ ಕೆಲಸದ ಕ್ರಮ ಹೇಗಿತ್ತೆಂದು ನೋಡಿ. ತಿಮ್ಮಕ್ಕ ಮತ್ತು ಅವರ ಯಜಮಾನರು ಚಿಕ್ಕಯ್ಯನವರು ಮೊದಲ ವರ್ಷ ಹುಲಿಕಲ್–ಕುದೂರು ದಾರಿಯಲ್ಲಿ ನೆಟ್ಟದ್ದು 10 ಸಸಿ. ಮರುವರ್ಷ 15, ಅದರ ಮರುವರ್ಷ 20. ಮಳೆಗಾಲದ ಆಸುಪಾಸಿನಲ್ಲಿ ನೆಟ್ಟು, ದನ ತಿನ್ನದಂತೆ ಮುಳ್ಳು ಕಟ್ಟಿ, ಕೂಲಿ ಕೆಲಸ ಮುಗಿಸಿ ಬಂದು ಸುಮಾರು 4 ಕಿಲೋಮೀಟರ್ ದಾರಿಯುದ್ದಕ್ಕೂ ಕೊಡದಲ್ಲಿ ನೀರು ಹೊತ್ತರು. ನೀರು ಹೊರಲಾಗುವಷ್ಟನ್ನೇ ನೆಡುವ ಲೆಕ್ಕ ಅದು ಎಂದು ನನಗೆ ಅನಿಸುತ್ತದೆ. ಒಂದೇ ಗಂಟೆಯಲ್ಲಿ ಸಾವಿರಾರು ಸಸಿ ನೆಟ್ಟೆವೆಂದು ಹೇಳಿಕೊಳ್ಳುವ ನಾವು ಆ ದಂಪತಿಯಿಂದ ಕಲಿಯಬೇಕಾದ್ದು ಈ ಲೆಕ್ಕವನ್ನು.

ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಲ್ಮನೆ ಕಾಮೇಗೌಡರು ಕುರಿ ಕಾಯುತ್ತಿದ್ದವರು. ಬೆಟ್ಟದ ಮೇಲೆ ಹಕ್ಕಿಪಕ್ಷಿ, ಪ್ರಾಣಿಗಳಿಗೆ ಕುಡಿಯಲು ನೀರಿಲ್ಲ ಎಂದು ಕಟ್ಟೆ ತೋಡತೊಡಗಿದರು. ದುಡ್ಡು ಸಾಲದೆ ಕುರಿ ಮಾರಿದರು. ಹತ್ತಕ್ಕೂ ಹೆಚ್ಚು ಕಟ್ಟೆಗಳಾದವು. 2022ರಲ್ಲಿ ಅವರು ಹೋದರು. ಕಟ್ಟೆಯ ಹೂಳು ತೆಗೆಯುವವರು, ದಡ ಕುಸಿದರೆ ಕಲ್ಲಿಡುವವರು ಇನ್ನು ಯಾರಾದರೂ ಮುಂದೆ ಬರಲೇಬೇಕು. ಒಬ್ಬ ಮಹಾನುಭಾವರ ಆಯುಸ್ಸಿಗೆ ಕಟ್ಟಿಹಾಕಿದ ಕೆಲಸ ಅವರೊಂದಿಗೇ ಮುಗಿಯಬಾರದು. ಇಂಥವರಿಗೆ ಸನ್ಮಾನ ಮಾಡಿ ಶಾಲು ಹೊದಿಸುವ ಊರು, ಅವರು ಇರುವಾಗಲೇ ಜೊತೆಗೆ ಇಬ್ಬರು ಹುಡುಗರನ್ನು ಕಳಿಸಿ ಕೆಲಸ ಕಲಿಸಬೇಕು.

ಕೇಳುಗರೇ, ಈ ಬೇಸಿಗೆ ನಿಮ್ಮ ಊರಿನಲ್ಲೂ ಕೆರೆಯ ಮಾತು ಎದ್ದಿದ್ದರೆ, ಶ್ರಮದಾನದ ದಿನ ಗೊತ್ತುಮಾಡುವ ಮೊದಲು ಒಮ್ಮೆ ಎಲ್ಲರೂ ಕೂತು ಮಾತಾಡಿ. ಮುಂದಿನ ಮೂರು ವರ್ಷ ಈ ಕೆರೆಯನ್ನು ದಿನಾ ನೋಡುವವರು ಯಾರು, ಗಂಡಾಗಲಿ ಹೆಣ್ಣಾಗಲಿ, ಹೆಸರು ಹಿಡಿದು ನಿಶ್ಚಯಿಸಿ. ಅವರ ತಿಂಗಳ ಸಂಬಳ ಎಲ್ಲಿಂದ ಬರಬೇಕು ಎಂಬುದನ್ನೂ ಬರೆದಿಡಿ. ಮೀನಿನ ಹರಾಜಿನ ಹಣದಲ್ಲಿ ಒಂದು ಪಾಲನ್ನು ಇದಕ್ಕೆ ಮೀಸಲಿಡಲು ಗ್ರಾಮಸಭೆಯಲ್ಲಿ ಕೇಳಿ. ನಗರದವರಾದರೆ ಮನೆಗಿಷ್ಟು ಎಂದು ಎತ್ತಿ. ಹೂಳೆತ್ತುವ ಅಂದಾಜು ಪಟ್ಟಿಯಲ್ಲಿ ಜೆಸಿಬಿ ಬಾಡಿಗೆಯ ಸಾಲಿಗಿಂತ ಮೇಲೆ ಈ ಸಾಲು ಇರಲಿ. ಕೆಲಸದ ದಿನ ನೂರು ಜನ ಸೇರದೆ ಇಪ್ಪತ್ತೇ ಜನ ಬಂದರೂ ಚಿಂತೆಯಿಲ್ಲ. ಕಾಯುವವರೊಬ್ಬರು ಗೊತ್ತಾದ ಮೇಲೆಯೇ ಗುದ್ದಲಿ ಹಾಕಿ.